ಚಕ್ರಕ್ಕೆ ಕೊಟ್ಟ ಪೋಸ್ಟರು

ಗದಗಿನ ಪ್ರೆಸ್ಸೊಂದರಲ್ಲಿ ಅಣ್ಣನ ಬಲಗೈ ಟ್ರೆಡಲ್ ಮಷಿನ್ನಿನ ಬಾಯಿಗೆ ಹೋದಾಗ ಜಗದೇವಪ್ಪ ಎರಡು ಮಾರು ದೂರದಲ್ಲಿ ನಿಂತು ಮದುವೆ ಕಾರ್ಡಿಗೆ ಅರಿಸಿನ ಹಚ್ಚುತ್ತಿದ್ದ. ಆಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಕಿರುಚಿದ್ದು ಕೇಳಿ ತಿರುಗಿದ; ಓಡಬೇಕು ಅಂದುಕೊಂಡ, ಕಾಲು ಏಳಲಿಲ್ಲ. ಮಷಿನ್ನು ಮಾತ್ರ ಯಾರನ್ನೂ ಕೇಳದೆ ಇನ್ನೊಮ್ಮೆ ಬಾಯಿ ತೆರೆಯಿತು, ಇನ್ನೊಮ್ಮೆ ಮುಚ್ಚಿತು.

ಟ್ರೆಡಲ್ ಅಂದರೆ ಥೇಟ್ ಮೊಸಳೆ. ಒಂದು ದವಡೆಯಲ್ಲಿ ಮಸಿ ಬಳಿದ ಸೀಸದ ಅಚ್ಚುಮೊಳೆಗಳು, ಇನ್ನೊಂದು ದವಡೆಯ ಮೇಲೆ ಬಿಳಿ ಹಾಳೆ. ಬಾಯಿ ತೆರೆದಾಗ ಬಲಗೈಯಿಂದ ಹೊಸ ಹಾಳೆ ಇಡಬೇಕು, ಎಡಗೈಯಿಂದ ಅಚ್ಚಾದದ್ದನ್ನು ಎಳೆಯಬೇಕು, ಮುಚ್ಚುವಷ್ಟರಲ್ಲಿ ಎರಡೂ ಕೈ ಆಚೆ ಇರಬೇಕು. ಪಕ್ಕದಲ್ಲಿ ಎದೆಯೆತ್ತರದ ಕಬ್ಬಿಣದ ಚಕ್ರ ಗಿರ್ರನೆ ತಿರುಗುತ್ತಿರುತ್ತದೆ. ಕರೆಂಟು ತೆಗೆದರೂ ಅದು ತನ್ನ ಸೊಕ್ಕು ಇಳಿಯುವ ತನಕ ನಿಲ್ಲುವುದಿಲ್ಲ. ಅಂಥ ಮೊಸಳೆಯ ಮುಂದೆಯೇ ಜಗದೇವಪ್ಪ ಬೆಳೆದು ದೊಡ್ಡವನಾದ, ಅದರಿಂದಲೇ ಅನ್ನ ತಿಂದ, ಆಮೇಲೆ ಅದನ್ನೇ ಹುಡುಕಿಕೊಂಡು ಲಂಡನ್ನಿಗೂ ಹೋದ!

ಹೋದದ್ದು ಅವನ ಪ್ರತಾಪದಿಂದಲ್ಲ, ಹೆಂಡತಿಯ ಪ್ರತಾಪದಿಂದ. ರತ್ನವ್ವ ಬೆಟಗೇರಿಯಲ್ಲಿ ನರ್ಸಿಂಗ್ ಕಲಿತವಳು. ಪೂರ್ವ ಲಂಡನ್ನಿನ ಆಸ್ಪತ್ರೆಯೊಂದು ಅವಳನ್ನು ಕರೆಯಿತು, ಗಂಡ ಟ್ರಂಕು ಹೊತ್ತುಕೊಂಡು ಹಿಂದೆ ಬಂದ. ಸ್ಟ್ರಾಟ್‌ಫರ್ಡ್ ಹತ್ತಿರದ ರೈಲು ಸೇತುವೆಯ ಕಮಾನೊಂದರ ಕೆಳಗೆ ಪಾರ್ಫಿಟ್ ಎಂಬ ಮುದುಕನ ಪ್ರೆಸ್ಸಿತ್ತು. ಮೇಲೆ ರೈಲು ಹೋದರೆ ಕೆಳಗೆ ಗೋಡೆಯ ಸುಣ್ಣ ಚಹಾದ ಕಪ್ಪಿಗೆ ಉದುರುತ್ತಿತ್ತು. ಜಗದೇವಪ್ಪ ಒಳಗೆ ಕಾಲಿಟ್ಟ, ಮೂಲೆಯಲ್ಲಿದ್ದ ಟ್ರೆಡಲ್ ನೋಡಿದ, ಇಂಗ್ಲಿಷ್ ಬಾರದೆ ಸುಮ್ಮನೆ ಹೋಗಿ ಅದರ ಮುಂದೆ ನಿಂತು ಹಾಳೆ ಹಾಕತೊಡಗಿದ. ಅದೇ ಇಂಟರ್ವ್ಯೂ.

ಪಾರ್ಫಿಟ್‌ಗೆ ಒಂದೇ ಹುಚ್ಚು, ಅಮೆರಿಕದ ಕಥೆ. ಅವನ ಮುತ್ತಜ್ಜನ ಮುತ್ತಜ್ಜ ಯಾರೋ ಒಬ್ಬ, ಅಮೆರಿಕ ಇನ್ನೂ ಇಂಗ್ಲಿಷ್ ರಾಜನ ಕೈಕೆಳಗಿದ್ದ ಕಾಲದಲ್ಲಿ, ಅಲ್ಲಿಗೆ ಹಡಗಿನಲ್ಲಿ ಹೋಗಿ ಅಚ್ಚಿನ ಅಂಗಡಿ ಇಟ್ಟಿದ್ದನಂತೆ. ಬೈಬಲ್ಲಿನ ಪಾಠ, ಪಂಚಾಂಗ, ಓಡಿಹೋದ ಆಳುಗಳ ಜಾಹೀರಾತು, ಎಲ್ಲವನ್ನೂ ಅಚ್ಚು ಹಾಕುತ್ತಿದ್ದನಂತೆ. ಒಮ್ಮೆ ಯಾರದೋ ವಿರುದ್ಧ ಎರಡು ಸಾಲು ಹಾಕಿದ್ದಕ್ಕೆ ಊರಿನ ಗುಂಪು ಕೊಡಲಿ ಹಿಡಿದು ನುಗ್ಗಿ, ಅವನ ದವಡೆ ಮುರಿದು, ಮೊಳೆಗಳನ್ನೆಲ್ಲ ಬಂದರಿನ ನೀರಿಗೆ ಸುರಿದಿತಂತೆ. ಮರುದಿನ ನೀರಿಳಿದಾಗ ಅವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಸರಿನಲ್ಲಿ ಮೊಳೆ ಆರಿಸುತ್ತ ಕೂತಿದ್ದನಂತೆ! ನಿಜವೋ ಸುಳ್ಳೋ, ಪಾರ್ಫಿಟ್ ಹೇಳುವಾಗಲೆಲ್ಲ ತನ್ನ ದವಡೆಯನ್ನೇ ಸವರಿಕೊಳ್ಳುತ್ತಿದ್ದ.

ಮುದುಕ ತೀರಿಕೊಂಡ ಮೇಲೆ ಕಮಾನು ಜಗದೇವಪ್ಪನ ಪಾಲಿಗೆ ಬಂತು. ಒಂದು ಆಫ್‌ಸೆಟ್ ಮಷಿನ್ನು ತಂದ. ಟೂಟಿಂಗಿನ ಹೋಟೆಲುಗಳ ಮೆನು, ಸೌತ್‌ಹಾಲಿನ ಮದುವೆ ಕಾರ್ಡು, ಕನ್ನಡ ಸಂಘದ ಆಮಂತ್ರಣ, ಎಲ್ಲವೂ ಅದರಲ್ಲೇ. ಟ್ರೆಡಲ್ಲಿಗೆ ಮಾತ್ರ ಆಯುಧ ಪೂಜೆಯ ದಿನ ವಿಭೂತಿ, ಉಳಿದ ದಿನ ಧೂಳು.

ಸಾವಿರದ ಒಂಬೈನೂರ ತೊಂಬತ್ಮೂರರ ಚಳಿಗಾಲದ ಮೊದಲಿಗೆ, ಒಂದು ಶನಿವಾರ, ಉದಯಶಂಕರ್ ರಾಜ್ಯೋತ್ಸವದ ಕಾರ್ಡುಗಳ ಕಟ್ಟು ಹಿಡಿದು ಪ್ರೆಸ್ಸಿನಿಂದ ಹೊರಟ. ಮೈಸೂರಿನವನು, ಟ್ಯೂಬ್ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಬಸ್‌ಸ್ಟಾಪಿನಲ್ಲಿ ಮೂವರು ಹುಡುಗರು ಅವನ ಕಟ್ಟನ್ನು ಕಿತ್ತುಕೊಂಡು ಎಸೆದರು. ಅವನು ಬಗ್ಗಿ ಕಾರ್ಡು ಆರಿಸಿದ. ಬಗ್ಗಿದವನ ಮುಖಕ್ಕೆ ಬೂಟು ಬಿತ್ತು. ಬಿದ್ದ ಮೇಲೆ ಸರಳಿನಿಂದ ಹೊಡೆದರು, ಹೊಡೆದು ಸುಸ್ತಾಗಿ ಸ್ವಲ್ಪ ನಿಂತು ಉಸಿರು ತೆಗೆದುಕೊಂಡು ಮತ್ತೆ ಹೊಡೆದರು. ಹಾಡುಹಗಲು! ಫುಟ್‌ಬಾಲ್ ಮ್ಯಾಚು ಮುಗಿದು ರಸ್ತೆ ತುಂಬ ಜನ. ಎಡಗಣ್ಣು ಅಲ್ಲೇ ಹೋಯಿತು. ಕನ್ನಡದ ಕಾರ್ಡುಗಳು ರಕ್ತಕ್ಕೆ ಅಂಟಿಕೊಂಡು ಬಿದ್ದಿದ್ದವು.

ಅಷ್ಟು ಜನರಲ್ಲಿ ಒಬ್ಬರೂ ನೋಡಿರಲಿಲ್ಲ.

"ಸಾಕ್ಷಿ ಬೇಕಂತೆ ಅಣ್ಣಾ," ಅಂದಳು ಉದಯಶಂಕರನ ಹೆಂಡತಿ ಜಯಾ, ಆಸ್ಪತ್ರೆಯ ಕಾರಿಡಾರಿನಲ್ಲಿ. ಅಳು ಮುಗಿದು ಅವಳ ದನಿ ಒಣಗಿತ್ತು. "ಯಾರು ಅಂತ ಪೊಲೀಸ್ರಿಗೆ ಗೊತ್ತಂತೆ. ಹೆಸರೂ ಗೊತ್ತಂತೆ. ನಮ್ಮೋರಿಗೆ ಒಬ್ಬರ ಮುಖಾನೂ ನೆನಪಿಲ್ಲ. ಆದ್ರೆ ನೋಡಿದೀನಿ ಅಂತ ಒಬ್ರಾದ್ರೂ ಬಂದು ಹೇಳ್ಬೇಕಂತೆ. ಇಲ್ದಿದ್ರೆ ಕೇಸೇ ಇಲ್ವಂತೆ."

"ಮುಂದಿನ ಮ್ಯಾಚ್ ಯಾವಾಗೈತಿ?" ಅಂದ ಜಗದೇವಪ್ಪ.

"ಈಗ ಮ್ಯಾಚ್ ಯಾಕಣ್ಣಾ?"

"ಅದ ಮಂದಿ ಅದ ರಸ್ತಾದಾಗ ಮತ್ತ ಬರತೈತಲ್ಲವ್ವಾ. ಅವರು ಬರೂದ್ರಾಗ ಗ್ವಾಡಿ ತುಂಬ ಪೋಸ್ಟರ್ ಹಚ್ಚತೀನಿ. ಒಬ್ಬಂವಗರ ಹೊಟ್ಟ್ಯಾಗ ಉರಿ ಏಳಂಗಿಲ್ಲೇನು?"

ಸಂಘದ ಅಧ್ಯಕ್ಷರಾದ ಡಾಕ್ಟರ್ ವಿಶ್ವನಾಥರಿಗೆ ಈ ಸುದ್ದಿ ತಿಳಿದು ಫೋನ್ ಬಂತು. "ನೋಡಿ ಜಗದೇವಪ್ಪನವರೇ, ನಾವು ಇಲ್ಲಿ ಬಂದಿರೋರು, ತಂಟೆ ತಕರಾರು ಯಾಕೆ? ಪೋಸ್ಟರಲ್ಲಿ ಸಂಘದ ಹೆಸರು ಬರ್ಬಾರ್ದು, ಪ್ಲೀಸ್."

"ಬರಂಗಿಲ್ಲ ತಗೋರ್ರಿ ಡಾಕ್ಟರೇ. ಹೊಡಿಸ್ಕೊಂಡಾಗ ಅಂವಾ ಸಂಘದ್ದ ಕಾರ್ಡ್ ಹಿಡಕೊಂಡಿದ್ನಲ್ಲಾ, ಅದನ್ನೂ ಬರ್ಯಂಗಿಲ್ಲ."

ಆಚೆ ಕಡೆ ಫೋನ್ ಇಟ್ಟ ಸದ್ದು ಜೋರಾಗಿಯೇ ಕೇಳಿಸಿತು.

ಪೋಸ್ಟರಿನ ತಲೆಯ ಮೇಲೆ ಅಂಗೈಯಗಲದ ಇಂಗ್ಲಿಷ್ ಅಕ್ಷರಗಳಲ್ಲಿ 'ಡಿಡ್ ಯು ಸೀ?', ಕೆಳಗೆ ಬಸ್‌ಸ್ಟಾಪಿನ ಹೆಸರು, ದಿನ, ಪೊಲೀಸ್ ಸ್ಟೇಷನ್ನಿನ ನಂಬರು. ಆಫ್‌ಸೆಟ್ಟಿನಲ್ಲಿ ಹೊಡೆದ ಮೊದಲ ಕಂತನ್ನು ಜಗದೇವಪ್ಪ, ರತ್ನವ್ವ, ಜಯಾ ಮೂವರೂ ಸೇರಿ ಗೋಡೆಗಳಿಗೆ ಹಚ್ಚಿಬಂದರು. ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಅದರ ಮರುದಿನ ಜಗದೇವಪ್ಪ ಕಮಾನಿನ ಬಾಗಿಲು ತೆಗೆದರೆ, ಬೀಗ ಕೈಗೇ ಬಂತು. ಒಳಗೆ ಆಫ್‌ಸೆಟ್ ಮಷಿನ್ನಿನ ರೋಲರುಗಳನ್ನು ಸುತ್ತಿಗೆಯಿಂದ ಹೊಡೆದು, ಸೊಟ್ಟ ಮಾಡಿ, ಮೇಲೆ ಬಿಳಿ ಪೇಂಟು ಸುರಿದಿದ್ದರು. ಗೋಡೆಯ ಮೇಲೆ ಊರಿಗೆ ಹೋಗು ಅಂತ ಬರೆದು, ಕೆಳಗೆ ನೇಣಿನ ಕುಣಿಕೆಯ ಚಿತ್ರ. ಟ್ರೆಡಲ್ಲನ್ನು ಮಾತ್ರ ಮುಟ್ಟಿರಲಿಲ್ಲ. ಅದೂ ಒಂದು ಮಷಿನ್ನು ಅಂತ ಆ ಹುಡುಗರಿಗೆ ಅನ್ನಿಸಿರಲೇ ಇಲ್ಲ. ಹಳೇ ಗುಜರಿ ಅಂದುಕೊಂಡಿದ್ದರು.

ರತ್ನವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಏನ್ರೀ, ನೋಡ್ಕೋತ ನಿಂತೀರಿ? ನಿಮ್ಮ ಪಾರ್ಫಿಟ್ ಸಾಹೇಬನ ಅಜ್ಜ ಕೆಸರಾಗ ಮೊಳಿ ಆರಿಸಿದ್ನಂತಲ್ಲ. ಇಲ್ಲಿ ಕೆಸರರ ಎಲ್ಲೈತಿ? ಬರೇ ಪೇಂಟು."

ಜಗದೇವಪ್ಪ ನಕ್ಕುಬಿಟ್ಟ. ನಕ್ಕವನು ಟ್ರೆಡಲ್ಲಿನ ಧೂಳು ಒರೆಸಿ, ಎಣ್ಣೆ ಬಿಟ್ಟು, ಮೋಟರಿನ ಬೆಲ್ಟು ಏರಿಸಿದ. ಹಳೆಯ ಖಾನೆಗಳಿಂದ ಮರದ ದೊಡ್ಡ ಅಕ್ಷರಗಳನ್ನೂ ಸೀಸದ ಸಣ್ಣ ಮೊಳೆಗಳನ್ನೂ ಒಂದೊಂದಾಗಿ ಜೋಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ. ಪೋಸ್ಟರು ಮೊದಲಿಗಿಂತ ಚಿಕ್ಕದಾಯಿತು, ಆದರೆ ಅಕ್ಷರಗಳು ಹಾಳೆಯೊಳಗೆ ಹೂತುಕೊಂಡು, ಬೆರಳಿಗೆ ಹತ್ತುವಂತೆ ಮೂಡಿದವು. ಪೇಂಟು ತಾಗದೆ ಉಳಿದಿದ್ದ ಕಾಗದವೆಲ್ಲ ಇದಕ್ಕೇ. ನಾಳೆ ಶನಿವಾರ, ಮ್ಯಾಚು. ಇವತ್ತು ಸಂಜೆಯೊಳಗೆ ಮುಗಿದರೆ ಬೆಳಗಿಗೆ ಗೋಡೆಗೆ ಏರುತ್ತದೆ.

ಶುಕ್ರವಾರ ಮಧ್ಯಾಹ್ನದ ಚಹಾದ ಹೊತ್ತು. ಕೆಲಸ ಹೆಚ್ಚುಕಡಿಮೆ ಮುಗಿಯುತ್ತ ಬಂದಿತ್ತು. ಅಚ್ಚಾದ ಪೋಸ್ಟರುಗಳನ್ನು ರತ್ನವ್ವ ಸರಿಯಾಗಿ ತಟ್ಟಿ, ಸುತ್ತಲಿ ಹಗ್ಗದಿಂದ ಬಿಗಿದು, ದಿಮ್ಮಿಯಂಥ ಒಂದೇ ದೊಡ್ಡ ಕಟ್ಟು ಮಾಡಿ ಜಗದೇವಪ್ಪನ ಕಾಲ ಹತ್ತಿರ ಇಟ್ಟಿದ್ದಳು. ಮೇಲೆ ರೈಲು ಗುಡುಗುತ್ತ ಹೋಯಿತು. ಆ ಗದ್ದಲದಲ್ಲಿ ಬಾಗಿಲು ಒಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಮೂವರು. ಒಬ್ಬ ಬೋಳುತಲೆಯವನ ಕೈಯಲ್ಲಿ ಸುತ್ತಿಗೆ, ಒಬ್ಬ ಉದ್ದನೆಯವನ ಕೈಯಲ್ಲಿ ಪೇಂಟಿನ ಡಬ್ಬಿ, ಮೂರನೆಯವನು ಡ್ಯಾರೆನ್, ರಸ್ತೆಯ ತುದಿಯ ಸರಕಾರಿ ಬಾಡಿಗೆ ಫ್ಲ್ಯಾಟಿನವನು. ಜಗದೇವಪ್ಪನಿಗೆ ಅವನ ಮುಖ ಗೊತ್ತಿತ್ತು. ಅವನ ಅಮ್ಮನ ಅಂತ್ಯಕ್ರಿಯೆಯ ಕಾರ್ಡು ಅಚ್ಚಾದದ್ದು ಇದೇ ಕಮಾನಿನಲ್ಲಿ.

"ನಿನಗೆ ಒಂದ್ಸಲ ಹೇಳಿದ್ರೆ ತಿಳಿಯಲ್ವೇನೋ ಪಾಕಿ?" ಅಂದ ಬೋಳುತಲೆಯವನು.

"ಪಾಕಿಸ್ತಾನ ಅಲ್ಲಪಾ, ಗದಗ," ಅಂತ ಜಗದೇವಪ್ಪ ಕನ್ನಡದಲ್ಲೇ ಅಂದ. ಬಾಯಿಗೆ ಬಂದದ್ದು ಅದೊಂದೇ. ಸುತ್ತಿಗೆ ಬೀಸಿ ಬಂತು. ತಲೆ ತಗ್ಗಿಸಿದ, ಭುಜಕ್ಕೆ ಬಿತ್ತು, ಎಲುಬು ಲಟಕ್ಕೆಂದಿತು. ಉದ್ದನೆಯವನು ಉಳಿದ ಕಾಗದದ ಮೇಲೆ ಪೇಂಟು ಸುರಿದ. ರತ್ನವ್ವ ಕೈಗೆ ಸಿಕ್ಕ ಮೊಳೆಯ ಖಾನೆಯನ್ನು ಇಡಿಯಾಗಿ ಎತ್ತಿ ಅವನ ಮುಖಕ್ಕೆ ಎಸೆದಳು. ಸೀಸದ ಅಕ್ಷರಗಳು ಕಲ್ಲಿನ ಮಳೆಯಂತೆ ಬಡಿದು ಅವನ ಹುಬ್ಬು ಸೀಳಿದವು, ರಕ್ತ ಕಣ್ಣಿಗೆ ಇಳಿಯಿತು. "ಬಾರೋ ಭಾಡ್ಯಾ, ಬಾ! ಗದಗಿನ ಮೆಣಸಿನಕಾಯಿ ನೋಡಿಯೇನು?"

ಈ ಗದ್ದಲದಲ್ಲಿ ಟ್ರೆಡಲ್ ಮಾತ್ರ ತನ್ನ ಪಾಡಿಗೆ ತಾನು ಬಾಯಿ ತೆರೆಯುತ್ತ ಮುಚ್ಚುತ್ತಲೇ ಇತ್ತು. ಕೊನೆಯ ಪೋಸ್ಟರು ಅದರ ದವಡೆಯ ಮೇಲೆ ಸೊಟ್ಟಗೆ ಕೂತಿತ್ತು. ಡ್ಯಾರೆನ್ನಿಗೆ ಅದು ಕಂಡಿತು. ಸೊಟ್ಟ ಹೋದ ಹಾಳೆಯನ್ನು ಅದರ ಪಾಡಿಗೆ ಬಿಡಬೇಕು, ಕೈ ಬೆನ್ನಟ್ಟಬಾರದು; ಪ್ರೆಸ್ಸಿನಲ್ಲಿ ಮೊದಲ ದಿನ ಕಪಾಳಕ್ಕೆ ಹೊಡೆದು ಕಲಿಸುವ ಪಾಠ ಅದು. ಡ್ಯಾರೆನ್ನಿಗೆ ಯಾರು ಹೊಡೆದಿದ್ದರು? ಕೈ ಚಾಚಿ ಹಾಳೆ ಹಿಡಿದ. ಬಾಯಿ ಮುಚ್ಚಿತು.

ಅವನು ಕಿರುಚಿದ ರೀತಿಗೆ ಸುತ್ತಿಗೆಯೂ ಗಾಳಿಯಲ್ಲೇ ನಿಂತಿತು. ದವಡೆ ತೆರೆಯಿತು, ಆದರೆ ಅವನ ಜಾಕೆಟ್ಟಿನ ತೋಳು ಒಳಗೆ ಸಿಕ್ಕಿಕೊಂಡಿತ್ತು; ಕೈ ಹೊರಗೆ ಬರಲಿಲ್ಲ. ಚಕ್ರ ತಿರುಗುತ್ತಿತ್ತು. ಇನ್ನೊಮ್ಮೆ ಮುಚ್ಚಿದರೆ ಕೈಯಲ್ಲ, ಬರೀ ಮುದ್ದೆ. ಜಗದೇವಪ್ಪ ಕಾಲಿನಿಂದ ಸ್ವಿಚ್ಚು ಒದ್ದ. ಮೋಟರು ನಿಂತಿತು, ಚಕ್ರ ನಿಲ್ಲಲಿಲ್ಲ. ಸುತ್ತ ನೋಡಿದ: ಸರಳಿಲ್ಲ, ಕಟ್ಟಿಗೆ ಇಲ್ಲ, ಕಾಲ ಹತ್ತಿರ ಇದ್ದದ್ದು ಒಂದೇ, ಆ ಕಟ್ಟು. ಉದಯಶಂಕರನ ಕಣ್ಣಿಗೆ ನ್ಯಾಯ ಕೇಳಬೇಕಿದ್ದ ಎಲ್ಲಾ ಪೋಸ್ಟರುಗಳು.

ಒಂದೇ ಕೈಯಲ್ಲಿ ಎತ್ತಿ ಚಕ್ರದ ಕಡ್ಡಿಗಳ ನಡುವೆ ತುರುಕಿದ.

ಕಾಗದ ಬಿಗಿದು ಕಟ್ಟಿದರೆ ಮರಕ್ಕಿಂತ ಗಟ್ಟಿ. ಕಡ್ಡಿಗಳು ಅದನ್ನು ಅಗಿದವು, ಚೂರುಗಳು ಕಮಾನಿನ ತುಂಬ ಹಾರಿದವು, ಒಳಗೆಲ್ಲೋ ಹಲ್ಲಿನ ಗಾಲಿ ಒಡೆದ ಸದ್ದು, ಆಮೇಲೆ ಇಡೀ ಮಷಿನ್ನು ಗಕ್ಕನೆ ನಡುಗಿ ನಿಂತಿತು. ಜಗದೇವಪ್ಪ ದವಡೆಗೆ ಇನ್ನೊಂದು ಭುಜ ಕೊಟ್ಟು ಹಿಂದಕ್ಕೆ ನೂಕಿ, ಜಾಕೆಟ್ಟಿನ ತೋಳು ಹರಿದು, ಹುಡುಗನ ಕೈಯನ್ನು ಹೊರಗೆಳೆದ. ಎಳೆದು ಮುಗಿಸಿದ್ದನೋ ಇಲ್ಲವೋ, ಬೋಳುತಲೆಯವನ ಸುತ್ತಿಗೆ ಅವನ ಬಲಗಿವಿಯ ಮೇಲೆ ಬಿತ್ತು. ಜಗದೇವಪ್ಪ ಚೂರುಗಳ ರಾಶಿಯ ಮೇಲೆ ಕುಸಿದ. ಇಬ್ಬರೂ ಓಡಿದರು. ಡ್ಯಾರೆನ್ ಅವರ ಹೆಸರು ಹಿಡಿದು ಕೂಗಿದ, ಕೂಗಿದ, ಒಬ್ಬನೂ ತಿರುಗಿ ನೋಡಲಿಲ್ಲ.

ರತ್ನವ್ವ ಗಂಡನ ಕಿವಿಗೆ ಸೆರಗು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹುಡುಗನ ಮೊಣಕೈ ಮೇಲೆ ಸುತ್ತಲಿ ಬಿಗಿದಳು. ಬಿಗಿಯುತ್ತಲೇ ಬೈದಳು. "ಕೈ ಮ್ಯಾಲ ಎತ್ತು ಮೂಳಾ! ಇನ್ನೂ ಮ್ಯಾಲ! ಅಳಬ್ಯಾಡ. ಒಬ್ಬನ ಕಣ್ಣ ತಗಿಯೂ ಮುಂದ ನಿಮಗ ಅಳು ಬಂದಿತ್ತೇನು?" ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಕೈ ಎತ್ತಿದ. ಎತ್ತಿದ ಕೈಯ ಹಿಂಭಾಗದಲ್ಲಿ, ಜಜ್ಜಿದ ಚರ್ಮದ ಮೇಲೆ, ಕಪ್ಪು ಮಸಿಯಲ್ಲಿ ದೊಡ್ಡದಾಗಿ 'ಸೀ?' ಅಂತ ಮೂಡಿತ್ತು.

ಶನಿವಾರ ಮ್ಯಾಚು ನಡೆಯಿತು. ಜನ ಹಾಡುತ್ತ ಬಂದರು, ಹಾಡುತ್ತ ಹೋದರು. ಗೋಡೆಗಳು ಖಾಲಿ ಇದ್ದವು.

ಜಯಾ ವಾರ್ಡಿಗೆ ಬಂದಳು. ಜಗದೇವಪ್ಪನ ತಲೆಗೆ ಬ್ಯಾಂಡೇಜು, ತೋಳು ಜೋಲಿಯಲ್ಲಿ. ಅವಳು ಕೂರಲಿಲ್ಲ.

"ಒಂದಾದ್ರೂ ಉಳೀತಾ ಅಣ್ಣಾ?"

"ಇಲ್ಲವ್ವಾ."

"ಅವ್ನ ಕೈಗೋಸ್ಕರ?"

ಜಗದೇವಪ್ಪ ಹೌದೆಂಬಂತೆ ಬ್ಯಾಂಡೇಜಿನ ತಲೆ ಆಡಿಸಿದ.

"ನಮ್ಮೋರು ಕೆಳಗೆ ಬಿದ್ದಾಗ ಇವ್ನು ನಿಲ್ಲಿಸಿದ್ನಾ? ಉಸಿರು ತಗೊಂಡು ಮತ್ತೆ ಹೊಡೆದ್ರಲ್ಲಾ! ನೀವು... ನೀವು ನಮ್ಮನೇಲಿ ಉಂಡೋರು, ನೀವೇ ಹೀಗಾ?" ಅವಳ ದನಿ ಇಡೀ ವಾರ್ಡಿಗೆ ಕೇಳಿಸಿತು. "ಯಾಕಣ್ಣಾ ನಿಲ್ಲಿಸಿದ್ರಿ? ಯಾಕೆ?"

"ಕೈ ಕಂಡ್ತು, ನಿಲ್ಲಿಸಿದ್ನಿ. ಮತ್ತೇನ ಹೇಳ್ಲಿ ನಿನಗ."

"ಏ ಜಯಾ," ಅಂದಳು ರತ್ನವ್ವ, ಮೆತ್ತಗೆ. ಜಯಾ ಕಣ್ಣೊರೆಸಿಕೊಳ್ಳದೆ ಹೊರಟುಹೋದಳು. ಅವತ್ತು ರಾತ್ರಿಯೂಟವನ್ನು ಜಗದೇವಪ್ಪ ಮುಟ್ಟಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಮಾತನ್ನಾದರೂ ಸುಳ್ಳು ಅನ್ನಲು ಅವನಿಗೆ ಆಗಲಿಲ್ಲ.

ಡ್ಯಾರೆನ್ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ. ವ್ಯಾನಿನ ಬಾಗಿಲಿಗೆ ಸಿಕ್ಕಿತು ಅಂತ ಡಾಕ್ಟರಿಗೆ ಹೇಳಿದ್ದ. ಯಾವ ವ್ಯಾನಿನ ಬಾಗಿಲು ಹೀಗೆ ಇಂಗ್ಲಿಷ್ ಬರೆಯುತ್ತದೆ? ಪೊಲೀಸರು ಬಂದರು. ಹಲವು ದಿನ ಅವನು ಬಾಯಿ ಬಿಡಲಿಲ್ಲ. ಗೆಳೆಯರು ಬರುತ್ತಾರೆ ಅಂತ ಬಾಗಿಲು ನೋಡುತ್ತ ಮಲಗಿದ್ದ. ಗೆಳೆಯರು ಬಂದದ್ದು ಒಂದೇ ಸಲ; ಹಣ್ಣು ತರಲಿಲ್ಲ, ಬಾಯಿಬಿಟ್ಟರೆ ಇನ್ನೊಂದು ಕೈಯೂ ಇರುವುದಿಲ್ಲ ಅಂತ ಹೇಳಲು ಬಂದಿದ್ದರು. ಅವರು ಲಿಫ್ಟು ಇಳಿಯುವಷ್ಟರಲ್ಲಿ ಡ್ಯಾರೆನ್ ನರ್ಸನ್ನು ಕರೆದು, ಪೊಲೀಸರಿಗೆ ಫೋನ್ ಮಾಡಿ ಅಂದ. ಪಶ್ಚಾತ್ತಾಪವಲ್ಲ, ಶುದ್ಧ ಸಿಟ್ಟು. ಬಸ್‌ಸ್ಟಾಪಿನಲ್ಲಿ ಸರಳು ಹಿಡಿದವನು ಯಾರು, ಬೂಟಿನಲ್ಲಿ ಮೊದಲು ಒದ್ದವನು ಯಾರು, ತಾನೆಷ್ಟು ಹೊಡೆದೆ, ಎಲ್ಲವನ್ನೂ ಕಕ್ಕಿದ.

ಮರುವರ್ಷ ಕೋರ್ಟಿನಲ್ಲಿ ಬೋಳುತಲೆಯವನ ವಕೀಲ ಜಗದೇವಪ್ಪನನ್ನು ನಿಲ್ಲಿಸಿ, ಹುಡುಗನ ಕೈಯನ್ನು ನೀನೇ ಬೇಕೆಂದು ಮಷಿನ್ನಿಗೆ ಕೊಟ್ಟೆಯಲ್ಲವೇ ಅಂತ ಮೂರು ರೀತಿಯಲ್ಲಿ ಕೇಳಿದ. ಜಗದೇವಪ್ಪನಿಗೆ ಬಲಗಿವಿ ಕೇಳುತ್ತಿರಲಿಲ್ಲ. ಪ್ರತಿಸಲ ಎಡಗಿವಿ ತಿರುಗಿಸಿ, ಇಲ್ಲ ಅಂದ. ವಕೀಲ ನಕ್ಕ. ಆಮೇಲೆ ಡ್ಯಾರೆನ್ನನ್ನು ಕರೆದರು. ಅವನ ಬೆರಳುಗಳು ಕೊಕ್ಕೆಯಂತೆ ಬಗ್ಗಿದ್ದವು.

"ನಾನೇ ಕೈ ಹಾಕಿದ್ದು," ಅಂದ. "ಮಷಿನ್ ನಿಲ್ಲಿಸಿದ್ದು ಆ ಮುದುಕ. ಓಡಿದ್ದು ಇವರು." ಜಗದೇವಪ್ಪನ ಕಡೆ ನೋಡಲಿಲ್ಲ. ಕಟಕಟೆಯಲ್ಲಿದ್ದ ತನ್ನ ಗೆಳೆಯರನ್ನೇ ನೋಡುತ್ತಿದ್ದ.

ಮೂವರಿಗೂ ಜೈಲಾಯಿತು. ಹೊರಗೆ ಮೆಟ್ಟಿಲ ಮೇಲೆ ಬೋಳುತಲೆಯವನ ಚಿಕ್ಕಪ್ಪನೋ ಯಾರೋ ಒಬ್ಬ ದಪ್ಪನೆಯವನು ಅಡ್ಡ ಬಂದು ಜಗದೇವಪ್ಪನ ಮುಖಕ್ಕೆ ಥೂ ಅಂತ ಉಗಿದ. ಜಗದೇವಪ್ಪ ಕರ್ಚೀಫು ಹುಡುಕುತ್ತಿರುವಾಗಲೇ, ಇಷ್ಟು ತಿಂಗಳು ಅವನೊಂದಿಗೆ ಮಾತೇ ಬಿಟ್ಟಿದ್ದ ಜಯಾ, ಐದಡಿ ದಾಟದ ಜಯಾ, ಹಿಂದಿನಿಂದ ನುಗ್ಗಿ ಬಂದು ಕೊಡೆಯಿಂದ ಆ ಮನುಷ್ಯನ ಮೂಗಿಗೆ ಬಾರಿಸಿದಳು. ಕೊಡೆ ಮುರಿಯಿತು. ಮೂಗೂ ಮುರಿಯಿತು. ಮುರಿದ ಕೊಡೆಯಿಂದ ಇನ್ನೆರಡು ಕೊಟ್ಟಳು.

"ಏ ಜಯವ್ವಾ, ಸಾಕ ಬಿಡ, ಪೊಲೀಸರದಾರ!"

"ಇರ್ಲಿ ಬಿಡಿ ಅಣ್ಣಾ, ಅವ್ರೂ ನೋಡ್ಲಿ! ಇವತ್ತಾದ್ರೂ ಸಾಕ್ಷಿ ಸಿಗ್ತಾರೆ!"

ಒಂದು ಕಣ್ಣಿನ ಉದಯಶಂಕರ್ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಡೆತ ತಿಂದಾಗಿನಿಂದ ಅವನು ನಕ್ಕದ್ದು ಅದೇ ಮೊದಲು. ಪೊಲೀಸರು ಜಯಾಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಜಗದೇವಪ್ಪ ಹಲ್ಲಿನ ಗಾಲಿ ಬೆಸೆಯಿಸಿ ಟ್ರೆಡಲ್ಲನ್ನು ಮತ್ತೆ ಓಡಿಸಿದ. ಕಂಪ್ಯೂಟರು ಬಂದು ಮದುವೆ ಕಾರ್ಡುಗಳೂ ಮೆನುಗಳೂ ಒಂದೊಂದಾಗಿ ಕೈಬಿಟ್ಟರೂ ಕಮಾನು ಬಿಡಲಿಲ್ಲ. ಎರಡು ಸಾವಿರದ ಆರೋ ಏಳೋ, ಒಲಿಂಪಿಕ್ಸಿಗೆ ಅಂತ ಸ್ಟ್ರಾಟ್‌ಫರ್ಡಿನ ನೆಲವನ್ನೆಲ್ಲ ಅಗೆಯುವಾಗ ಅವನೂ ಬಾಗಿಲು ಹಾಕಿದ. ಅಷ್ಟರಲ್ಲಿ ಸಂಘಕ್ಕೆ ಬೆಂಗಳೂರಿನ ಐಟಿ ಮಂದಿ ತುಂಬಿದ್ದರು, ಅವರಿಗೆ ಈ ಕಥೆ ಗೊತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಯಾರಾದರೂ ಅವನ ಕಿವಿಯ ಗುರುತು ನೋಡಿ ಕೇಳಿದರೆ, ಹೇಳುವುದು ಜಗದೇವಪ್ಪನಲ್ಲ, ಬಡಿಸುತ್ತಿದ್ದ ಜಯಾ. ಬಸ್‌ಸ್ಟಾಪಿನಿಂದ ಹಿಡಿದು ಕೊಡೆಯ ತನಕ ಒಂದೇ ಉಸಿರಿನಲ್ಲಿ ಹೇಳುವಳು. ಕೇಳಿದವರು ಜಗದೇವಪ್ಪನನ್ನು ದೇವರಂಥ ಮನುಷ್ಯ ಅನ್ನತೊಡಗಿದರೆ ಮಾತ್ರ ಅವಳ ಸೌಟು ಅಲ್ಲೇ ನಿಲ್ಲುತ್ತಿತ್ತು.

"ದೇವ್ರೂ ಇಲ್ಲ, ಎಂಥದೂ ಇಲ್ಲ. ನಾನಾಗಿದ್ರೆ ಚಕ್ರ ನಿಲ್ಲಿಸ್ತಾನೇ ಇರ್ಲಿಲ್ಲ. ಇವತ್ತಿಗೂ ಅದೇ ಹೇಳ್ತೀನಿ. ಅಲ್ವಾ ಅಣ್ಣಾ?"

"ಆಂ?" ಅನ್ನುವನು ಜಗದೇವಪ್ಪ, ಬಲಗಿವಿಗೆ ಕೈ ಹಿಡಿದು.

"ನಾಟ್ಕ ನೋಡಿ ಇವ್ರದು!" ಅನ್ನುತ್ತ ಅವಳು ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದು, ಮುಂದಿನ ಎಲೆಗೆ ಹೋಗುವಳು.